ಸೈನಿಕ ಗೌರವ: ಕ್ರಮ, ಅರ್ಥ ಮತ್ತು ಬೋಧನೆ

2021ರ ಡಿಸೆಂಬರ್ 9ರಂದು ನೀಲಗಿರಿಯ ಘಟ್ಟದ ರಸ್ತೆಯಲ್ಲಿ ಆಂಬುಲೆನ್ಸುಗಳ ಸಾಲೊಂದು ಮೆಟ್ಟುಪಾಳ್ಯದ ಕಡೆಗೆ ಇಳಿದು ಬಂದಿತು. ಹಿಂದಿನ ದಿನ ಬೆಳಿಗ್ಗೆ 11 ಗಂಟೆ 48 ನಿಮಿಷಕ್ಕೆ ಸೂಲೂರಿನ ವಾಯುನೆಲೆಯಿಂದ ಹೊರಟ ವಾಯುಸೇನೆಯ ಹೆಲಿಕಾಪ್ಟರ್ 12 ಗಂಟೆ 15 ನಿಮಿಷಕ್ಕೆ ವೆಲ್ಲಿಂಗ್ಟನ್ನಿನಲ್ಲಿ ಇಳಿಯಬೇಕಾಗಿತ್ತು. 12 ಗಂಟೆ 8 ನಿಮಿಷದ ಸುಮಾರಿಗೆ ಅದರ ಸಂಪರ್ಕ ಕಡಿದುಹೋಯಿತು. ಕೂನೂರಿನ ಸಮೀಪ ನಂಜಪ್ಪ ಸತ್ತಿರಂ ಎಂಬಲ್ಲಿ ಅದು ಮರಗಳ ನಡುವೆ ಬಿದ್ದು ಹೊತ್ತಿ ಉರಿಯಿತು. ಅದರಲ್ಲಿದ್ದ 14 ಮಂದಿಯಲ್ಲಿ, ರಕ್ಷಣಾ ಪಡೆಗಳ ಮೊದಲ ಮುಖ್ಯಸ್ಥರಾದ ಜನರಲ್ ಬಿಪಿನ್ ರಾವತ್ ಮತ್ತು ಅವರ ಪತ್ನಿ ಮಧುಲಿಕಾ ರಾವತ್ ಸೇರಿದಂತೆ 13 ಮಂದಿ ಅಂದೇ ತೀರಿಕೊಂಡರು. ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಡಿಸೆಂಬರ್ 15ರಂದು ಕೊನೆಯುಸಿರೆಳೆದರು.

ಪಾರ್ಥಿವ ಶರೀರಗಳಿಗೆ ಮೊದಲ ಗೌರವ ಸಂದದ್ದು ವೆಲ್ಲಿಂಗ್ಟನ್ನಿನ ಮದ್ರಾಸ್ ರೆಜಿಮೆಂಟಲ್ ಕೇಂದ್ರದ ಮೈದಾನದಲ್ಲಿ. ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆಗಳ ಮುಂದೆ ತಮಿಳುನಾಡಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅವರೂ ಸೇನಾಧಿಕಾರಿಗಳೂ ಪುಷ್ಪಚಕ್ರಗಳನ್ನು ಇರಿಸಿದರು. ಅಲ್ಲಿಂದ ರಸ್ತೆಯ ಮೂಲಕ ಸೂಲೂರಿಗೆ, ಸೂಲೂರಿನಿಂದ ವಿಮಾನದಲ್ಲಿ ದೆಹಲಿಗೆ ಒಯ್ಯಲಾಯಿತು. ದಾರಿಯುದ್ದಕ್ಕೂ ಜನರು ರಸ್ತೆಯ ಎರಡೂ ಬದಿಗಳಲ್ಲಿ ನೆರೆದು, ಹಾದುಹೋಗುವ ವಾಹನಗಳ ಮೇಲೆ ಹೂವಿನ ಎಸಳುಗಳನ್ನು ಎರಚಿದರು. ಕೈಯೆತ್ತಿ ವಂದಿಸಿದವರೂ ಉಂಟು.

ಒಂದೇ ದಿನ, ಒಂದೇ ರಸ್ತೆಯ ಎರಡು ಕೊನೆಗಳಲ್ಲಿ ನಡೆದ ಈ ಎರಡು ಕ್ರಿಯೆಗಳು ಪಾಠಕ್ಕೆ ತಕ್ಕ ಸಾಮಗ್ರಿ. ಮೈದಾನದಲ್ಲಿ ನಡೆದುದರ ಪ್ರತಿ ಹೆಜ್ಜೆಗೂ ಲಿಖಿತ ನಿಯಮವಿತ್ತು. ಯಾರು ಎಲ್ಲಿ ನಿಲ್ಲಬೇಕು, ಬಂದೂಕು ಯಾವ ಕ್ಷಣದಲ್ಲಿ ಯಾವ ಕಡೆಗೆ ತಿರುಗಬೇಕು ಎಂಬುದು ಮೊದಲೇ ನಿರ್ಧರಿತ. ರಸ್ತೆಯಲ್ಲಿ ಹೂ ಎರಚಿದವರಿಗೆ ಯಾವ ಪುಸ್ತಕವೂ ಇರಲಿಲ್ಲ. ಮಕ್ಕಳು ದೂರದರ್ಶನದಲ್ಲಿ ಎರಡನ್ನೂ ನೋಡುತ್ತಾರೆ. ಎರಡನೆಯದು ಅವರಿಗೆ ಹೇಳದೆಯೇ ತಿಳಿಯುತ್ತದೆ. ಮೊದಲನೆಯದು ಗಂಭೀರವಾಗಿ ಕಾಣುತ್ತದೆಯೇ ಹೊರತು ತಿಳಿಯುವುದಿಲ್ಲ. ಅದನ್ನು ಓದಲು ಕಲಿಸುವುದು ಈ ಪಾಠದ ಉದ್ದೇಶ.

ಪದಗಳ ವಿಷಯ

ಕನ್ನಡದಲ್ಲಿ ಈ ವಿಷಯಕ್ಕೆ ಪದಗಳ ಕೊರತೆಯಿಲ್ಲ; ಬಳಕೆಯಲ್ಲಿ ಗೊಂದಲವಿದೆ. ಕವಾಯತು ಎಂದರೆ ಅಭ್ಯಾಸ. ಪಥಸಂಚಲನ ಎಂದರೆ ಆ ಅಭ್ಯಾಸದ ಸಾರ್ವಜನಿಕ ಪ್ರದರ್ಶನ. ತುಕಡಿ ಎಂದರೆ ಸಂಚಲನದಲ್ಲಿ ಒಟ್ಟಾಗಿ ಸಾಗುವ ಗುಂಪು. ಮೈಸೂರಿನ ಬನ್ನಿಮಂಟಪದಲ್ಲಿ ದಸರಾ ಮುಗಿಯುವ ರಾತ್ರಿ ನಡೆಯುವುದು ಪಂಜಿನ ಕವಾಯತು ಎಂದೇ ಪ್ರಸಿದ್ಧವಾದುದರಿಂದ, ಕವಾಯತು ಎಂಬ ಪದ ಹಲವು ಮಕ್ಕಳಿಗೆ ಪರಿಚಿತವಾಗಿರಬಹುದು.

ಹೆಚ್ಚಿನ ಎಚ್ಚರ ಬೇಕಾದದ್ದು ‘ಕುಶಾಲು ತೋಪು’ ಎಂಬ ಮಾತಿನಲ್ಲಿ. ಸೈನಿಕರ ಅಥವಾ ಗಣ್ಯರ ಅಂತ್ಯಕ್ರಿಯೆಯ ವರದಿಗಳಲ್ಲಿ ‘ಮೂರು ಸುತ್ತು ಕುಶಾಲು ತೋಪು ಹಾರಿಸಲಾಯಿತು’ ಎಂಬ ವಾಕ್ಯ ಆಗಾಗ ಕಾಣಿಸುತ್ತದೆ. ಕುಶಾಲು ಎಂದರೆ ಸಂತೋಷ. ದಸರಾ ಮೆರವಣಿಗೆಯ ಆರಂಭದಲ್ಲಿ ಹಾರಿಸುವ 21 ತೋಪುಗಳಿಗೆ ಈ ಹೆಸರು ಸಲ್ಲುತ್ತದೆ. ಶವಸಂಸ್ಕಾರದಲ್ಲಿ ಮೂರು ಸುತ್ತು ಹಾರಿಸುವುದು ಬಂದೂಕುಗಳನ್ನು, ತೋಪುಗಳನ್ನಲ್ಲ. ಅಲ್ಲಿ ಕುಶಾಲಂತೂ ಇಲ್ಲವೇ ಇಲ್ಲ. ‘ಗಾಳಿಯಲ್ಲಿ ಮೂರು ಸುತ್ತು ಗುಂಡು ಹಾರಿಸಿ ಗೌರವ ಸಲ್ಲಿಸಲಾಯಿತು’ ಎಂಬುದೇ ಸರಿಯಾದ, ಸರಳವಾದ ಕನ್ನಡ. ಭಾಷಾ ಶಿಕ್ಷಕರು ಈ ಒಂದು ಪದವನ್ನೇ ಹಿಡಿದು ಒಂದು ಅವಧಿಯ ಪಾಠ ಮಾಡಬಹುದು.

ಸೇನೆಯ ಆಜ್ಞಾಪದಗಳು ಹಿಂದಿಯಲ್ಲಿವೆ. ಆದರೆ ‘ಸಾವಧಾನ್’, ‘ವಿಶ್ರಾಮ್’, ‘ಸಲಾಮಿ ಶಸ್ತ್ರ’, ‘ಶೋಕ ಶಸ್ತ್ರ’ ಎಂಬವುಗಳಲ್ಲಿ ಕನ್ನಡ ಬಲ್ಲ ಮಗುವಿಗೆ ಅಪರಿಚಿತವಾದ ಮಾತು ಒಂದೂ ಇಲ್ಲ. ಇಂತಹ ಆಜ್ಞೆಗೆ ಎರಡು ಭಾಗಗಳಿರುವುದನ್ನು ಕೇಳಿಸಿ ತೋರಿಸಬೇಕು. ಮೊದಲ ಭಾಗವನ್ನು ಎಳೆದು ಹೇಳುತ್ತಾರೆ. ಅದು ಎಚ್ಚರಿಸುವ ಭಾಗ, ಆಗ ಯಾರೂ ಚಲಿಸುವುದಿಲ್ಲ. ಎರಡನೆಯದನ್ನು ಕತ್ತರಿಸಿದಂತೆ ಚುಟುಕಾಗಿ ಹೇಳುತ್ತಾರೆ. ಅದು ಮಾಡಿಸುವ ಭಾಗ. ನೂರು ಜನ ಒಂದೇ ಕ್ಷಣದಲ್ಲಿ ಒಂದೇ ಕೆಲಸ ಮಾಡುವುದರ ಗುಟ್ಟು ಇದೇ. ಮದ್ರಾಸ್ ರೆಜಿಮೆಂಟಿನ ಯುದ್ಧಘೋಷ ಮಾತ್ರ ದಕ್ಷಿಣದ ನುಡಿಯಲ್ಲಿದೆ: ‘ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು’. ಇದರ ‘ಕೊಲ್ಲು’ ಕನ್ನಡದ್ದೂ ಹೌದು, ತಮಿಳು ಮಲಯಾಳಗಳದ್ದೂ ಹೌದು.

ಕ್ರಿಯೆಗಳ ಅರ್ಥ

ಸೈನಿಕ ಗೌರವದ ಬಹುತೇಕ ಕ್ರಿಯೆಗಳಿಗೆ ಒಂದೇ ಮೂಲವಿಚಾರವಿದೆ: ಆಯುಧವುಳ್ಳವನು ತನ್ನ ಆಯುಧವನ್ನು ನಿರುಪಯುಕ್ತವಾಗಿಸಿ ತೋರಿಸುವುದು. ಇದನ್ನು ಹಿಡಿದುಕೊಂಡರೆ ಉಳಿದುದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ತೋಪಿನ ಗೌರವ ಹಡಗುಗಳ ಕಾಲದ ಸಂಪ್ರದಾಯ. ಹಳೆಯ ತೋಪನ್ನು ಒಮ್ಮೆ ಹಾರಿಸಿದರೆ ಮತ್ತೆ ತುಂಬಲು ಸಾಕಷ್ಟು ಹೊತ್ತು ಹಿಡಿಯುತ್ತಿತ್ತು. ಬಂದರನ್ನು ಸಮೀಪಿಸುವ ಹಡಗು ತನ್ನ ತೋಪುಗಳನ್ನು ಬರಿದು ಮಾಡಿ, ತಾನು ಯುದ್ಧಕ್ಕೆ ಬಂದಿಲ್ಲವೆಂದು ತಿಳಿಸುತ್ತಿತ್ತು. ‘ಸಲಾಮಿ ಶಸ್ತ್ರ’ದಲ್ಲಿ ಬಂದೂಕನ್ನು ಎದೆಯ ಮುಂದೆ ನೆಟ್ಟಗೆ ಹಿಡಿಯಲಾಗುತ್ತದೆ, ಆ ಸ್ಥಿತಿಯಲ್ಲಿ ಅದನ್ನು ಯಾರ ಮೇಲೂ ಗುರಿಯಿಡಲಾಗದು. ಕೈವಂದನೆಗೂ ವಾಡಿಕೆಯಲ್ಲಿ ಹೇಳುವ ವಿವರಣೆ ಇದೇ: ಬರಿಗೈಯನ್ನು ತೋರಿಸುವುದು. ಭಾರತದ ಮೂರು ಪಡೆಗಳ ವಂದನೆಗಳು ಒಂದೇ ಬಗೆಯವಲ್ಲ. ಭೂಸೇನೆಯವರ ಅಂಗೈ ಎದುರಿನವರ ಕಡೆಗೆ ತೆರೆದಿರುತ್ತದೆ. ನೌಕಾಪಡೆಯವರದು ನೆಲದ ಕಡೆಗೆ ಬಾಗಿರುತ್ತದೆ. ವಾಯುಪಡೆಯವರದು ಇವೆರಡರ ನಡುವೆ ಓರೆಯಾಗಿರುತ್ತದೆ. ಪತ್ರಿಕೆಯ ಚಿತ್ರಗಳನ್ನು ಕತ್ತರಿಸಿ ತಂದು, ಸಮವಸ್ತ್ರದ ಬಣ್ಣವನ್ನು ಮುಚ್ಚಿ, ಅಂಗೈಯನ್ನು ಮಾತ್ರ ನೋಡಿ ಯಾವ ಪಡೆಯೆಂದು ಗುರುತಿಸಲು ಹೇಳಿದರೆ ಮಕ್ಕಳು ಆಟದಂತೆ ಕಲಿಯುತ್ತಾರೆ.

ವಂದನೆಯ ಬಗ್ಗೆ ಶಾಲೆಗಳಲ್ಲಿ ಹೇಳದೆ ಉಳಿಯುವ ಮಾತೊಂದಿದೆ. ವಂದನೆ ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುವುದಿಲ್ಲ. ಅದನ್ನು ಸ್ವೀಕರಿಸಿದವರು ಮರಳಿಸಲೇಬೇಕು. ಭಾರತದ ಧ್ವಜ ಸಂಹಿತೆ ಶಾಲೆಗಳಿಗಾಗಿ ಸೂಚಿಸಿರುವ ಕ್ರಮದಲ್ಲಿಯೂ ಇದು ಹೀಗೆಯೇ ಇದೆ: ಮಕ್ಕಳು ಮೂರು ಬದಿಗಳಲ್ಲಿ, ಧ್ವಜಸ್ತಂಭ ನಾಲ್ಕನೆಯ ಬದಿಯ ನಡುವೆ, ವಿದ್ಯಾರ್ಥಿ ನಾಯಕ ಮುಖ್ಯೋಪಾಧ್ಯಾಯರಿಗೆ ವಂದಿಸುತ್ತಾನೆ, ಮುಖ್ಯೋಪಾಧ್ಯಾಯರು ಅದನ್ನು ಮರಳಿಸುತ್ತಾರೆ. ಮುಖ್ಯೋಪಾಧ್ಯಾಯರು ಮಗುವಿನ ವಂದನೆಗೆ ಬರಿದೆ ತಲೆದೂಗಿ ಮುಂದೆ ಸಾಗಿದರೆ ಪಾಠದ ಅರ್ಧ ಅಲ್ಲೇ ಕೆಟ್ಟಿತು.

ಅಂತ್ಯಕ್ರಿಯೆಯಲ್ಲಿ ಕ್ರಿಯೆಗಳು ತಲೆಕೆಳಗಾಗುತ್ತವೆ. ನಡಿಗೆ ನಿಧಾನವಾಗುತ್ತದೆ: ಸಾಮಾನ್ಯ ಸಂಚಲನದಲ್ಲಿ ನಿಮಿಷಕ್ಕೆ ಸುಮಾರು 120 ಹೆಜ್ಜೆಗಳಿದ್ದರೆ, ‘ಧೀರೇ ಚಲ್’ನಲ್ಲಿ ಸುಮಾರು 70. ಗಡಿಯಾರ ಹಿಡಿದು ಚಪ್ಪಾಳೆಯಿಂದ ಈ ಎರಡು ಲಯಗಳನ್ನು ತರಗತಿಯಲ್ಲಿ ಕೇಳಿಸಿದರೆ ವ್ಯತ್ಯಾಸ ಮೈಗೇ ತಿಳಿಯುತ್ತದೆ. ‘ಶೋಕ ಶಸ್ತ್ರ’ ಎಂದಾಗ ಬಂದೂಕಿನ ನಳಿಗೆ ಕೆಳಮುಖವಾಗುತ್ತದೆ, ಸೈನಿಕನ ತಲೆ ಬಾಗುತ್ತದೆ. ಇಡೀ ದಿನ ತಲೆಯೆತ್ತಿ ನಿಲ್ಲಲು ಕಲಿತವನು ಆಜ್ಞೆಯ ಮೇರೆಗೆ ತಲೆ ತಗ್ಗಿಸುವುದು ಈ ಒಂದು ಸಂದರ್ಭದಲ್ಲಿ. 1972ರ ಜನವರಿ 26ರಂದು ದೆಹಲಿಯಲ್ಲಿ ಉದ್ಘಾಟನೆಯಾದ ಅಮರ ಜವಾನ್ ಜ್ಯೋತಿಯಲ್ಲಿ ನೆಟ್ಟ ಬಂದೂಕೂ ತಲೆಕೆಳಗಾಗಿಯೇ ಇತ್ತು, ಅದರ ಮೇಲೆ ಸೈನಿಕನ ಶಿರಸ್ತ್ರಾಣ.

ಅನಂತರ ಕಹಳೆ. ‘ಲಾಸ್ಟ್ ಪೋಸ್ಟ್’ ಎಂಬ ನಾದ ಮೂಲತಃ ಶೋಕದ ಸಂಗೀತವಲ್ಲ. ಪಾಳೆಯದಲ್ಲಿ ರಾತ್ರಿಯ ಕಾವಲುಗಾರರೆಲ್ಲರೂ ತಮ್ಮ ತಮ್ಮ ಜಾಗದಲ್ಲಿದ್ದಾರೆ, ದಿನದ ಕೆಲಸ ಮುಗಿಯಿತು ಎಂದು ಸಾರುವ ಕಹಳೆ ಅದು. ಮೌನದ ಬಳಿಕ ನುಡಿಸುವ ‘ರೌಸ್’ ಬೆಳಿಗ್ಗೆ ಸೈನಿಕರನ್ನು ಎಬ್ಬಿಸುವ ಕಹಳೆ. ಸತ್ತವನ ಮುಂದೆ ರಾತ್ರಿಯ ಕಹಳೆಯನ್ನೂ, ಅದರ ಬೆನ್ನಿಗೇ ಮುಂಜಾವಿನ ಕಹಳೆಯನ್ನೂ ನುಡಿಸುತ್ತಾರೆ. ಇದರ ಅರ್ಥವನ್ನು ಶಿಕ್ಷಕರು ಬಿಡಿಸಿ ಹೇಳಬಾರದು. ಎರಡು ಕಹಳೆಗಳು ದಿನದ ಯಾವ ಹೊತ್ತಿನವು ಎಂಬುದನ್ನಷ್ಟೇ ತಿಳಿಸಿ, ಉಳಿದುದನ್ನು ಮಕ್ಕಳಿಂದ ಕೇಳಬೇಕು.

ಧ್ವಜದ ವಿಷಯದಲ್ಲಿ ನಿಖರತೆ ಅಗತ್ಯ. ಧ್ವಜ ಸಂಹಿತೆಯಂತೆ ಸೈನಿಕ ಅಥವಾ ಸರ್ಕಾರಿ ಗೌರವದ ಅಂತ್ಯಕ್ರಿಯೆಯಲ್ಲಿ ಕೇಸರಿ ಪಟ್ಟಿ ಮೃತರ ತಲೆಯ ಕಡೆಗಿರುವಂತೆ ಧ್ವಜವನ್ನು ಹೊದಿಸಬೇಕು. ಅದನ್ನು ಗೋರಿಗೆ ಇಳಿಸಬಾರದು, ಚಿತೆಯಲ್ಲಿ ಸುಡಬಾರದು. ಶೋಕಸೂಚಕವಾಗಿ ಅರ್ಧಕ್ಕೆ ಹಾರಿಸುವಾಗ ಧ್ವಜವನ್ನು ಮೊದಲು ಸ್ತಂಭದ ತುದಿಯವರೆಗೆ ಏರಿಸಿ, ಆಮೇಲೆ ಅರ್ಧಕ್ಕೆ ಇಳಿಸಬೇಕು. ಸಂಜೆ ಇಳಿಸುವ ಮುನ್ನವೂ ಮತ್ತೊಮ್ಮೆ ತುದಿಗೆ ಏರಿಸಬೇಕು. ನೇರವಾಗಿ ಅರ್ಧಕ್ಕೆ ಕಟ್ಟಿ ನಿಲ್ಲಿಸುವುದು ತಪ್ಪು.

ಪದವಿಗೆ ತಕ್ಕಂತೆ ಬದಲಾಗುವುದು, ಬದಲಾಗದೆ ಇರುವುದು

ಮಕ್ಕಳು ಕೇಳಬೇಕಾದ, ಕೇಳದಿದ್ದರೆ ಶಿಕ್ಷಕರೇ ಕೇಳಿಸಬೇಕಾದ ಪ್ರಶ್ನೆ ಒಂದಿದೆ. ಸೂಲೂರಿನಿಂದ ಹೊರಟ ಹೆಲಿಕಾಪ್ಟರಿನಲ್ಲಿ ಜನರಲ್ ಇದ್ದರು. ಆಂಧ್ರಪ್ರದೇಶದ ಚಿತ್ತೂರು ಜಿಲ್ಲೆಯ ಲ್ಯಾನ್ಸ್ ನಾಯಕ್ ಬಿ. ಸಾಯಿ ತೇಜ ಅವರೂ ಇದ್ದರು. ಇಬ್ಬರಿಗೂ ಸಂದ ಗೌರವ ಒಂದೇ ಆಗಿತ್ತೇ?

ಡಿಸೆಂಬರ್ 10ರಂದು ದೆಹಲಿ ಕಂಟೋನ್ಮೆಂಟಿನ ಬ್ರಾರ್ ಸ್ಕ್ವೇರಿನಲ್ಲಿ ಜನರಲ್ ರಾವತ್ ಅವರಿಗೆ 17 ತೋಪುಗಳ ಗೌರವ ಸಂದಿತು. ಪಾರ್ಥಿವ ಶರೀರವನ್ನು ಒಯ್ದದ್ದು ತೋಪುಗಾಡಿಯಲ್ಲಿ. ತೋಪುಗಳ ಸಂಖ್ಯೆ ಪದವಿಗೆ ಕಟ್ಟಿಕೊಂಡಿದೆ: ರಾಷ್ಟ್ರಪತಿಗಳಿಗೆ 21, ಸೇನಾ ಮುಖ್ಯಸ್ಥರಿಗೆ 17. ಸಾಯಿ ತೇಜ ಅವರ ಪಾರ್ಥಿವ ಶರೀರ ಬೆಂಗಳೂರಿನ ಮೂಲಕ ಅವರ ಹಳ್ಳಿಗೆ ತಲುಪಿ, ಡಿಸೆಂಬರ್ 12ರಂದು ಸೈನಿಕ ಗೌರವದೊಡನೆ ಅಂತ್ಯಕ್ರಿಯೆ ನಡೆಯಿತು. ಅಂತಹ ಪದವಿಗೆ ತೋಪುಗಳಿಲ್ಲ. ಆದರೆ ಧ್ವಜ ಒಂದೇ ಅಳತೆಯ ಮಾತನ್ನು ಆಡುತ್ತದೆ, ಕೇಸರಿ ತಲೆಯ ಕಡೆಗೇ ಇರುತ್ತದೆ. ಕಹಳೆಯ ಸ್ವರಗಳು ಜನರಲ್‌ಗೆ ಒಂದಾಗಿ ಸಿಪಾಯಿಗೆ ಇನ್ನೊಂದಾಗಿ ಇಲ್ಲ. ತಲೆಕೆಳಗಾದ ಬಂದೂಕಿಗೂ ಪದವಿ ತಿಳಿಯದು. ಸದ್ದು ಮಾಡುವ ಭಾಗ ಪದವಿಯನ್ನು ನೋಡುತ್ತದೆ. ಹೃದಯಕ್ಕೆ ತಾಗುವ ಭಾಗ ನೋಡುವುದಿಲ್ಲ. ಈ ವಿಂಗಡಣೆಯನ್ನು ಅನ್ಯಾಯವೆಂದು ವಾದಿಸುವ ವಿದ್ಯಾರ್ಥಿಯನ್ನು ಸುಮ್ಮನಿರಿಸಕೂಡದು. ಅದು ಚರ್ಚೆಗೆ ಅರ್ಹವಾದ ವಾದ.

ದೊಡ್ಡ ಪದವಿಯೇ ದೊಡ್ಡ ಗೌರವವನ್ನು ತಂದುಕೊಡುತ್ತದೆಂಬ ಖಾತರಿಯೂ ಇಲ್ಲ. 1971ರ ಯುದ್ಧದಲ್ಲಿ ಸೇನೆಯ ಮುಖ್ಯಸ್ಥರಾಗಿದ್ದ ಫೀಲ್ಡ್ ಮಾರ್ಷಲ್ ಮಾಣೆಕ್‌ಷಾ ನಿವೃತ್ತಿಯ ಬಳಿಕ ಕೂನೂರಿನಲ್ಲೇ ನೆಲೆಸಿ, 2008ರ ಜೂನ್ 27ರಂದು ವೆಲ್ಲಿಂಗ್ಟನ್ನಿನ ಸೈನಿಕ ಆಸ್ಪತ್ರೆಯಲ್ಲಿ ನಿಧನರಾದರು. ಉದಕಮಂಡಲದ ಪಾರ್ಸಿ ಸ್ಮಶಾನದಲ್ಲಿ, ಪತ್ನಿಯ ಸಮಾಧಿಯ ಪಕ್ಕದಲ್ಲಿ, ಸೈನಿಕ ಗೌರವದೊಡನೆ ಅವರನ್ನು ಮಣ್ಣು ಮಾಡಲಾಯಿತು. ನಿಯಮದ ಕ್ರಿಯೆಗಳೆಲ್ಲ ನಡೆದರೂ, ದೇಶದ ಅತ್ಯುನ್ನತ ನಾಯಕರು ಬರಲಿಲ್ಲವೆಂಬ ಟೀಕೆ ವ್ಯಾಪಕವಾಗಿ ಕೇಳಿಬಂದಿತು. ನಿಯಮ ಬಂದೂಕನ್ನು ತಿರುಗಿಸಬಲ್ಲದು, ಜನರನ್ನು ಕರೆತರಲಾರದು. ಹದಿಮೂರು ವರ್ಷಗಳ ಬಳಿಕ ಅದೇ ಬೆಟ್ಟದಿಂದ ಇಳಿದ ರಸ್ತೆಯಲ್ಲಿ ಯಾರೂ ಕರೆಯದೆ ನಿಂತವರನ್ನು ಇದರೊಡನೆ ಇಟ್ಟು ನೋಡಬಹುದು.

ಗೌರವ ಎದುರು ದಿಕ್ಕಿನಲ್ಲಿಯೂ ಸಂದಿತು. ನಂಜಪ್ಪ ಸತ್ತಿರದ ನಿವಾಸಿಗಳು ಉರಿಯುವ ಹೆಲಿಕಾಪ್ಟರಿನತ್ತ ಮೊದಲು ಓಡಿದವರು. ಕೊಡ, ಬಕೆಟ್ಟುಗಳಲ್ಲಿ ನೀರು ತಂದು ಎರಚಿದರು. ಗಾಯಾಳುಗಳನ್ನು ಹೊರಲು ತಮ್ಮ ಕಂಬಳಿಗಳನ್ನು ಕೊಟ್ಟರು. ಕೆಲವೇ ದಿನಗಳಲ್ಲಿ ಸೇನೆಯ ಹಿರಿಯ ಅಧಿಕಾರಿಗಳು ಅಲ್ಲಿಗೆ ಹೋಗಿ ಕೃತಜ್ಞತೆ ಸಲ್ಲಿಸಿ, ಹೊಸ ಕಂಬಳಿಗಳನ್ನು ಕೊಟ್ಟು, ಒಂದು ವರ್ಷದ ಕಾಲ ಊರನ್ನು ದತ್ತು ತೆಗೆದುಕೊಂಡು ಪ್ರತಿ ತಿಂಗಳು ವೈದ್ಯರನ್ನು ಕಳುಹಿಸುವುದಾಗಿ ತಿಳಿಸಿದರು. ನಂಜಪ್ಪ ಎಂಬುದು ಕನ್ನಡ ಮಕ್ಕಳಿಗೆ ಮನೆಯ ಹೆಸರು. ಸತ್ತಿರಂ ಎಂದರೆ ಛತ್ರ. ಊರಿನ ಹೆಸರನ್ನು ನಕ್ಷೆಯಲ್ಲಿ ಗುರುತಿಸುವಾಗ ಇದನ್ನು ತಿಳಿಸಿದರೆ ಅದು ದೂರದ ಊರಾಗಿ ಉಳಿಯುವುದಿಲ್ಲ.

ವೀರಗಲ್ಲಿನ ನೆರವು

ಸೈನಿಕ ಗೌರವವನ್ನು ಯುರೋಪಿನಿಂದ ಬಂದ ಪದ್ಧತಿಯೆಂದಷ್ಟೇ ಕಲಿಸಿದರೆ ಅರ್ಧಸತ್ಯವಾಗುತ್ತದೆ. ಕವಾಯತಿನ ರೂಪ ಅಲ್ಲಿಯದು, ನಿಜ. ಬಿದ್ದವನನ್ನು ವಿಧಿಪೂರ್ವಕವಾಗಿ ನೆನೆಯುವ ಪದ್ಧತಿ ಇಲ್ಲಿಯದೇ. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಶಿಕ್ಷಕರು ವೀರಗಲ್ಲನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಸಾಮಾನ್ಯ ವೀರಗಲ್ಲಿನಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ತಮಿಳಿನ ತೊಲ್ಕಾಪ್ಪಿಯಂ ನಡುಕಲ್ಲನ್ನು ನಿಲ್ಲಿಸುವ ಕ್ರಮವನ್ನೇ ಆರು ಹಂತಗಳಲ್ಲಿ ಹೇಳುತ್ತದೆ: ಕಲ್ಲನ್ನು ಕಂಡು ಆರಿಸುವುದು, ತರುವುದು, ನೀರಿನಲ್ಲಿ ಮೀಯಿಸುವುದು, ನೆಡುವುದು, ಪೂಜೆ ಸಲ್ಲಿಸುವುದು, ಹೊಗಳುವುದು. ಕ್ರಮ ತಪ್ಪದ ಕ್ರಿಯೆಯೇ ಗೌರವವೆಂಬ ತಿಳಿವಳಿಕೆ ಅಲ್ಲಿಯೂ ಇದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಕೇಳುವ ಮಕ್ಕಳಿಗೆ ಎರಡೂ ಸ್ವಂತದ್ದೇ.

ಕನ್ನಡ ಶಾಸನಗಳಲ್ಲಿ ಗೌರವದ ಪದಗಳೂ ಸಮೃದ್ಧ. ಮಡಿದವನ ಮನೆಯವರಿಗೆ ಕೊಟ್ಟ ಭೂಮಿ ನೆತ್ತರುಗೊಡಗೆ. ವೀರನ ಕತ್ತಿಯನ್ನು ತೊಳೆದು ಸನ್ಮಾನಿಸಿ ಕೊಡುವ ದತ್ತಿ ಬಾಳ್ಗಳ್ಚು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನ ಇದಕ್ಕೆ ಒಳ್ಳೆಯ ಉದಾಹರಣೆ. ಕ್ರಿ.ಶ. 949ರಲ್ಲಿ ಇಂದಿನ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ಯುದ್ಧದಲ್ಲಿ ಗಂಗರ ಬೂತುಗನ ಕಡೆ ಹೋರಾಡಿದ ಮಣಲೇರನಿಗೆ ಬಾಳ್ಗಳ್ಚು ಸಂದುದನ್ನು ಅದು ಹೇಳುತ್ತದೆ. ಆದರೆ ಆ ಕಲ್ಲನ್ನು ನಿಲ್ಲಿಸಿದ್ದು ಮಣಲೇರನಿಗಲ್ಲ. ಅವನು ಒಡೆಯನಿಂದ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಸೆಣಸಿ ಸತ್ತಿತು, ಹಂದಿಯೂ ಸತ್ತಿತು. ಕಲ್ಲು ಆ ನಾಯಿಗೆ. ಕಲ್ಲಿಗೆ ಭೂಮಿಯನ್ನು ಬಿಟ್ಟು, ಅದನ್ನು ನೋಡಿಕೊಳ್ಳುವ ಗೊರವ ಪೂಜಿಸದೆ ಉಂಡರೆ ಪಾಪ ತಟ್ಟುವುದೆಂದೂ ಕಟ್ಟುಮಾಡಲಾಯಿತು. 2022ರ ಅಕ್ಟೋಬರಿನಲ್ಲಿ ಕಾಶ್ಮೀರದ ಕಾರ್ಯಾಚರಣೆಯಲ್ಲಿ ಗಾಯಗೊಂಡು ಸತ್ತ ಸೇನೆಯ ನಾಯಿ ಝೂಮ್‌ಗೆ ಶ್ರೀನಗರದಲ್ಲಿ ಸೈನಿಕರು ಪುಷ್ಪಚಕ್ರ ಇರಿಸಿ ವಂದಿಸಿದರು. ಈ ಎರಡನ್ನು ಒಟ್ಟಿಗೆ ಹೇಳಿದಾಗ ಕಿರಿಯ ತರಗತಿಯ ಮಕ್ಕಳೂ ಕಿವಿಗೊಡುತ್ತಾರೆ.

ತರಗತಿಯಲ್ಲಿ

ಜನವರಿ 15ರ ಸೇನಾ ದಿನ ಈ ಪಾಠಕ್ಕೆ ಅನುಕೂಲವಾದ ಕಾಲ. 1949ರಲ್ಲಿ ಆ ದಿನ ಕೊಡಗಿನ ಕೆ.ಎಂ. ಕಾರ್ಯಪ್ಪ ಅವರು ಸೇನೆಯ ಮೊದಲ ಭಾರತೀಯ ದಂಡನಾಯಕರಾಗಿ ಅಧಿಕಾರ ವಹಿಸಿಕೊಂಡರು. 2023ರಲ್ಲಿ ಆ ದಿನದ ಪಥಸಂಚಲನ ಮೊದಲ ಬಾರಿಗೆ ದೆಹಲಿಯ ಹೊರಗೆ, ಬೆಂಗಳೂರಿನಲ್ಲಿ ನಡೆಯಿತು.

ಸಂಚಲನದ ಒಂದು ದೃಶ್ಯವನ್ನು ಧ್ವನಿಯಿಲ್ಲದೆ ತೋರಿಸಿ, ಕಂಡುದನ್ನು ಕಂಡಂತೆ ಹತ್ತು ವಾಕ್ಯಗಳಲ್ಲಿ ಬರೆಸುವುದು ಉತ್ತಮ ಆರಂಭ. ‘ವೀರ’, ‘ಹೆಮ್ಮೆ’, ‘ತ್ಯಾಗ’ ಎಂಬ ಪದಗಳನ್ನು ಈ ಮೊದಲ ಬರಹದಲ್ಲಿ ಬಳಸಬಾರದೆಂಬ ನಿಯಮವಿರಲಿ. ಆಗ ಮಗು ಬಂದೂಕು ಯಾವ ಕಡೆಗಿತ್ತು, ಕಾಲು ಎಷ್ಟು ಎತ್ತರಕ್ಕೆ ಎದ್ದಿತು, ಯಾರು ಯಾರಿಗೆ ವಂದನೆ ಮರಳಿಸಿದರು ಎಂಬುದನ್ನು ನೋಡಲೇಬೇಕಾಗುತ್ತದೆ. ಎರಡನೆಯ ಬಾರಿ ಧ್ವನಿಯೊಡನೆ ತೋರಿಸಿ, ಆಜ್ಞೆಗೂ ಚಲನೆಗೂ ನಡುವಿನ ಸಂಬಂಧವನ್ನು ಗಮನಿಸಲು ಹೇಳಬೇಕು. ಸಮೀಪದಲ್ಲಿ ವೀರಗಲ್ಲಿದ್ದರೆ ಅದರ ಪಟ್ಟಿಕೆಗಳನ್ನು ಇದೇ ರೀತಿಯಲ್ಲಿ, ಮೊದಲು ವಿಶೇಷಣಗಳಿಲ್ಲದೆ, ವರ್ಣಿಸಲು ಕೊಡಬಹುದು. ಶಾಸನದ ಅಕ್ಷರಗಳ ಮೇಲೆ ಸುಣ್ಣ, ಎಣ್ಣೆ, ಬಣ್ಣ ಹಚ್ಚದಂತೆ ನೋಡಿಕೊಳ್ಳುವುದು ಶಿಕ್ಷಕರ ಹೊಣೆ.

ಅಂತ್ಯಕ್ರಿಯೆಯ ಕ್ರಮವನ್ನು ಮಕ್ಕಳಿಂದ ಅಭಿನಯ ಮಾಡಿಸಬಾರದು. ಮೇಜಿಗೆ ಧ್ವಜ ಹೊದಿಸಿ ಶವಪೆಟ್ಟಿಗೆಯೆಂದು ಕಲ್ಪಿಸುವುದಂತೂ ಸರ್ವಥಾ ಕೂಡದು. ಸೈನ್ಯದಲ್ಲಿ ದುಡಿಯುವವರ, ದುಡಿದು ಮಡಿದವರ ಮನೆಗಳಿಂದ ಬಂದ ಮಕ್ಕಳು ತರಗತಿಯಲ್ಲಿರಬಹುದು. ಪಾಠಕ್ಕೆ ಮುನ್ನವೇ ಶಿಕ್ಷಕರು ಇದನ್ನು ವಿಚಾರಿಸಿ ತಿಳಿದಿರಬೇಕು. ಅಂತಹ ಮಗುವನ್ನು ಎದ್ದು ನಿಲ್ಲಿಸಿ ಮನೆಯ ಕತೆ ಹೇಳಿಸುವುದಾಗಲಿ, ಇತರರಿಂದ ಚಪ್ಪಾಳೆ ಹೊಡೆಸುವುದಾಗಲಿ ಬೇಡ. ಮನೆಯಲ್ಲಿ ಮಡಿಸಿಟ್ಟ ಧ್ವಜವಿದೆಯೆಂದು ಮಗು ತಾನಾಗಿ ಹೇಳಿದರೆ ಕೇಳಬೇಕು. ಶಾಲೆಗೆ ತರಲು ಹೇಳಬಾರದು.